ಕೈಗುಣದ ಫೈಲು

ಕಲಬುರಗಿಯಲ್ಲಿ ನನ್ನನ್ನು ‘ನಟಿಕಿ ಮುರಿಯೋ ಡಾಕ್ಟರ್ ಬಾಯಿ’ ಅನ್ನುತ್ತಾರೆ. ಬಾಯಿ ಅಂದರೆ ನಮ್ಮ ಕಡೆ ಮೇಡಂ ಅಂದ ಹಾಗೆ. ಫಿಜಿಯೋಥೆರಪಿ ಓದಿ, ಆಮೇಲೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲಿಸುವ ಕೈರೋಪ್ರಾಕ್ಟಿಕ್ ವಿದ್ಯೆಯನ್ನೂ ಕಲಿತು ಬಂದವಳು ನಾನು. ಬೆನ್ನಲ್ಲಿ ‘ಟಕ್’ ಎಂದು ಸದ್ದಾದರೆ ಸಾಕು, ನಮ್ಮ ಮಂದಿಗೆ ಅರ್ಧ ನೋವು ಹೋದಂತೆ. ಮೊದಮೊದಲು ಈ ಹೆಸರು ಕೇಳಿದರೆ ಸಿಟ್ಟು ಬರುತ್ತಿತ್ತು. ಇಷ್ಟೆಲ್ಲ ಓದಿದ್ದು ನಟಿಕಿ ಮುರಿಯುವುದಕ್ಕೇ ಏನು ಅನ್ನಿಸುತ್ತಿತ್ತು. ಬರಬರುತ್ತ ಅದರ ಜೊತೆ ಇನ್ನೊಂದು ಮಾತೂ ಸೇರಿಕೊಂಡಿತು: ‘ಬಾಯಿ ಕೈಗುಣ ಭಾಳ ಚಲೋ ಅದ.’ ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಹೊಗಳಿಕೆಗೆ ಬೇಗ ಕರಗುವ ಜಾತಿ ನನ್ನದು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಸ್ಟೇಶನ್ ಬಜಾರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನನ್ನ ಕ್ಲಿನಿಕ್. ಕಿಟಕಿ ತೆರೆದರೆ ರೈಲಿನ ಅನೌನ್ಸ್‌ಮೆಂಟು, ಆಟೋದವರ ಜಗಳ ಎರಡೂ ಒಳಗೆ ಬರುತ್ತವೆ. ಮೂರು ವರ್ಷದ ಹಿಂದೆ ಒಂದು ಗುರುವಾರ ಅಲ್ಲಿಗೆ ಕಮಲಾಪುರದಿಂದ ಒಬ್ಬ ಹೆಣ್ಣುಮಗಳು ಬಂದರು. ಬಸ್ ಕಂಡಕ್ಟರ್. ವಯಸ್ಸು ಐವತ್ತರ ಹತ್ತಿರ. ಕಮಲಾಪುರ–ಕಲಬುರಗಿ ನಡುವೆ ದಿನಕ್ಕೆ ಹಲವು ಸಲ ಓಡಾಡುವ ಬಸ್ಸಿನಲ್ಲಿ ಅವರ ಕೆಲಸ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕಾಲಿಡಲು ಜಾಗವಿಲ್ಲದೆ, ಸೀಟಿನ ಕಂಬಿಗೆ ಟೊಂಕ ಒರಗಿಸಿ ನಿಂತೇ ಟಿಕೆಟ್ ಹರಿಯಬೇಕು. ಗುರುವಾರ ಅವರಿಗೆ ರಜೆ. ನಾನು ಅವರನ್ನು ಅಕ್ಕಾ ಎಂದು ಕರೆದೆ, ಅವರು ನನ್ನನ್ನು ಬಾಯಿ ಎಂದರು.

ಆ ಮೊದಲ ದಿನದ ಹಾಳೆಯನ್ನು ನಾನು ಈಗಲೂ ತಲೆ ಎತ್ತಿ ಯಾರಿಗಾದರೂ ತೋರಿಸಬಲ್ಲೆ. ಹತ್ತರಲ್ಲಿ ನೋವು ಎಷ್ಟು ಎಂದು ಕೇಳಿದ್ದೆ, ಏಳು ಅಂದಿದ್ದರು. ನಿಲ್ಲಲು ಆಗುವುದು ಹತ್ತು ನಿಮಿಷ. ಮಲಗಿಸಿ ಬಲಗಾಲು ನೇರವಾಗಿ ಎತ್ತಿದರೆ ಅರ್ಧಕ್ಕೇ ಹೆಬ್ಬೆರಳಿನ ತನಕ ಜುಮುಜುಮು. ಎಲ್ಲ ಬರೆದಿದ್ದೆ. ನನಗೆ ಕಲಿಸಿದ ಗುರುಗಳು ಹೇಳುತ್ತಿದ್ದರು: ‘ಹೇಗಿದ್ದೀರಿ ಅಂತ ಕೇಳಬೇಡ, ಎಷ್ಟು ಹೊತ್ತು ನಿಲ್ಲುತ್ತೀರಿ ಅಂತ ಕೇಳು. ಕೇಳಿ ಬಿಡಬೇಡ, ನಿಲ್ಲಿಸಿ ನೋಡು. ವರ್ಷಗಟ್ಟಲೆ ಒಬ್ಬರ ಬೆನ್ನಿಗೆ ಕೈ ಹಾಕುವವರು ಅದರಿಂದ ಏನಾಯಿತು ಅಂತ ವರ್ಷಗಟ್ಟಲೆ ಬರೆದಿಡಬೇಕು.’

ಎರಡನೆಯ ಸಲ ಬಂದಾಗಲೇ ಆ ಮಾತು ಮರೆತೆ. ಹೊರಗೆ ಬೆಂಚು ತುಂಬಿತ್ತು. ಅಕ್ಕನನ್ನು ಮಂಚದ ಮೇಲೆ ಬೋರಲು ಮಲಗಿಸುತ್ತಲೇ ಕೇಳಿದೆ, ‘ಹೆಂಗದ ಅಕ್ಕಾ ಟೊಂಕ?’

‘ನಿಮ್ಮ ಕೈಗುಣ ಬಾಯಿ, ಆರಾಮದ.’

ನಾನು ಐದು ಎಂದು ಬರೆದೆ. ಮುಂದಿನ ಸಲ ನಾಲ್ಕು. ಆಮೇಲೆ ಮೂರು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಿದ್ದರು, ಬರುವಾಗ ಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಮಂಚದ ಹತ್ತಿರ ಬರುವಷ್ಟರಲ್ಲಿ ಅವರ ಮುಖ ಬೆವರಿರುತ್ತಿತ್ತು. ನಮ್ಮೂರ ಬಿಸಿಲಿಗೆ ಯಾರು ಬೆವರುವುದಿಲ್ಲ ಎಂದು ನಾನು ಫ್ಯಾನಿನ ವೇಗ ಹೆಚ್ಚಿಸುತ್ತಿದ್ದೆ. ಎರಡು ಮಹಡಿ ಗೋಡೆ ಹಿಡಿದು, ನಿಂತು ನಿಂತು ಹತ್ತಿ ಬರುತ್ತಾರೆಂದು ಗೊತ್ತಾಗಲು ನಾನು ಒಮ್ಮೆಯಾದರೂ ಬಾಗಿಲಿಗೆ ಬಂದು ನೋಡಬೇಕಿತ್ತು. ನಾನು ಹಣ್ಣು ಸುಲಿಯುತ್ತಿದ್ದೆ.

ಎರಡನೆಯ ವರ್ಷದ ಹಾಳೆಗಳಲ್ಲಿ ಒಂದೇ ವಾಕ್ಯ: ‘ನೋವು ಎರಡು. ಸುಧಾರಣೆ ಇದೆ. ಚಿಕಿತ್ಸೆ ಮುಂದುವರಿಸುವುದು.’ ಹಿಂದಿನದನ್ನು ನೋಡಿ ಮುಂದಿನದಕ್ಕೆ ಇಳಿಸುತ್ತಿದ್ದೆ, ತಾರೀಖು ಮಾತ್ರ ಹೊಸದು. ಇಷ್ಟು ಸಾಲದೆಂಬಂತೆ ಆ ಅಂಕಿಗಳನ್ನೆಲ್ಲ ಸೇರಿಸಿ ಒಂದು ಗ್ರಾಫು ಮಾಡಿ, ಹೆಸರು ಬಿಟ್ಟು, ಗೋಡೆಗೆ ಅಂಟಿಸಿದೆ. ಏಳರಿಂದ ಎರಡಕ್ಕೆ ಚೆಂದವಾಗಿ ಇಳಿಯುವ ಗೆರೆ. ‘ಒಂದೆರಡು ಸಲ ಬಂದು ಬಿಟ್ಟರೆ ಆಗುವುದಿಲ್ಲ, ದೀರ್ಘಕಾಲ ಮಾಡಿಸಿದರೆ ಹೀಗಾಗುತ್ತದೆ ನೋಡಿ’ ಎಂದು ಹೊಸಬರಿಗೆ ಅದನ್ನೇ ತೋರಿಸುತ್ತಿದ್ದೆ. ಆ ಗೆರೆಯ ಕೆಳಗೆ ಎಷ್ಟೋ ಗುರುವಾರ ಅಕ್ಕನೇ ಕುಳಿತಿದ್ದುಂಟು.

ಈ ವರ್ಷ ಬೇಸಿಗೆಯಲ್ಲಿ ಅವರು ಸಂಕೋಚದಿಂದ ಒಂದು ಕಾಗದ ಕೇಳಿದರು. ಬಸ್ಸಿನ ಮೇಲಿನ ಕೆಲಸ ಬಿಡಿಸಿ ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಡಿ ಎಂದು ಅರ್ಜಿ ಹಾಕಿದ್ದರು. ವೈದ್ಯಕೀಯ ಮಂಡಳಿಯವರು ಚಿಕಿತ್ಸೆಯ ಪೂರ್ತಿ ದಾಖಲೆ ಬೇಕೆಂದಿದ್ದರು. ‘ಅದಕ್ಕೇನು ಅಕ್ಕಾ, ನನ್ನಂಗ ಫೈಲ್ ಇಟ್ಟೋರು ಈ ಊರಾಗ ಯಾರದಾರ?’ ಎಂದೆ. ಎಪ್ಪತ್ತು ಹಾಳೆ ಜೆರಾಕ್ಸ್ ಮಾಡಿಸಿ, ಒಂದೊಂದಕ್ಕೂ ಸೀಲು ಹೊಡೆದು, ದಾರ ಕಟ್ಟಿ ಕೊಟ್ಟೆ. ಒಂದನ್ನೂ ಓದಲಿಲ್ಲ.

ಆಮೇಲೆ ಎರಡು ಸರದಿ ಅವರು ಬರಲಿಲ್ಲ. ಮೂರನೆಯದಕ್ಕೆ ಬಂದಾಗ ಕೈಯಲ್ಲಿ ಹಣ್ಣಿರಲಿಲ್ಲ, ಮಡಚಿದ ಆದೇಶವಿತ್ತು. ‘ಚಿಕಿತ್ಸಾ ದಾಖಲೆಗಳ ಪ್ರಕಾರ ನೋವು ಗಣನೀಯವಾಗಿ ಕಡಿಮೆಯಾಗಿದ್ದು, ಅರ್ಜಿದಾರರು ಹಾಲಿ ಕೆಲಸ ನಿರ್ವಹಿಸಲು ಸಮರ್ಥರಿರುತ್ತಾರೆ.’ ನಾನು ಓದಿ ಮುಗಿಸುವವರೆಗೆ ಅವರು ಗೋಡೆ ಹಿಡಿದು ನಿಂತೇ ಇದ್ದರು.

‘ಬಾಯಿ, ಅಷ್ಟು ಹಾಳ್ಯಾಗ ನನ್ನ ಬ್ಯಾನಿ ಎಲ್ಲೂ ಇಲ್ಲೇನ್ರಿ?’

ನನಗೆ ಮೊದಲು ಬಂದದ್ದು ಸಿಟ್ಟು. ತಪ್ಪು ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದು ಅದೇ. ‘ನೀವೇ ಆರಾಮದ ಅಂತಿದ್ರಲ್ಲ ಅಕ್ಕಾ! ನನಗೇನು ಕನಸ ಬೀಳ್ತದೇನು?’

‘ಖರೇ ರೀ, ನಾನೇ ಅಂದೀನಿ.’ ಅವರ ದನಿ ಏರಲಿಲ್ಲ. ‘ನೀವು ಒತ್ತಿದ ಮ್ಯಾಲ ಶುಕ್ರವಾರ ಆರಾಮ ಇರತದ. ಶನಿವಾರಕ್ಕ ಮತ್ತ ಅಲ್ಲಿಗೇ. ಕೈಗುಣ ಇದ್ದೋರ ಮುಂದ ಬ್ಯಾನಿ ಹೋಗಿಲ್ಲ ಅಂತ ಹ್ಯಾಂಗ ಅನ್ಬೇಕ್ರಿ? ಅಂದ್ರ ಕೈಗುಣ ಹೋಗತದ ಅಂತಾರ. ನಿಮ್ಮ ಮಾರಿ ಸಣ್ಣದಾಗತದ.’

ನಮ್ಮ ಕಡೆಯ ಈ ಮರ್ಯಾದೆ ನನಗೆ ಗೊತ್ತಿಲ್ಲದ್ದಲ್ಲ. ಬಾಣಂತಿಗೆ ಎಣ್ಣೆ ಹಚ್ಚುವವಳಿಗೆ, ಉಳುಕು ತೆಗೆಯುವ ಮುದುಕನಿಗೆ ನನ್ನ ತಾಯಿಯೂ ಹೀಗೆಯೇ ಹೇಳುತ್ತಿದ್ದಳು. ಅವರು ಹೋದ ಮೇಲೆ ನರಳುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದು, ಇಷ್ಟು ಓದಿ, ಆ ಮರ್ಯಾದೆಯ ಮಾತನ್ನು ಪರೀಕ್ಷೆಯ ಫಲಿತಾಂಶವೆಂದು ಬರೆದಿಟ್ಟೆ. ಕೇಳಲು ಹಿತವಾಗಿತ್ತು, ಅದಕ್ಕೇ ಬರೆದೆ.

ಅಂದು ಅವರನ್ನು ಮಲಗಿಸಿ, ಮೂರು ವರ್ಷದ ನಂತರ ಮತ್ತೆ ಬಲಗಾಲು ಎತ್ತಿದೆ. ಮೊದಲಿನ ಅರ್ಧದಷ್ಟೂ ಏಳಲಿಲ್ಲ. ಹಿಮ್ಮಡಿಯ ಮೇಲೆ ನಡೆಯಿರಿ ಎಂದರೆ ಬಲಪಾದ ನೆಲಕ್ಕೆ ಜಾರುತ್ತಿತ್ತು. ಯಾವತ್ತೋ ಸ್ಕ್ಯಾನಿಗೆ, ಎಲುಬಿನ ಡಾಕ್ಟರ ಹತ್ತಿರ ಕಳಿಸಬೇಕಿತ್ತು. ಅವರ ಟೊಂಕದ ಮೇಲೆ ಅಂದು ಒತ್ತಲಿಲ್ಲ. ಸ್ಕ್ಯಾನಿಗೆ ಚೀಟಿ ಬರೆದೆ.

ಚಪ್ಪಲಿ ಹಾಕಿಕೊಳ್ಳುತ್ತ ಅವರು ಮೆಲ್ಲಗೆ ಕೇಳಿದರು, ‘ಹಳೇ ಹಾಳಿ ತಗದು ಬ್ಯಾರೆ ಬರದ್ರ ನಡಿಯಾಂಗಿಲ್ಲೇನ್ರಿ?’

ಅವರು ಹೋದ ಮೇಲೆ ಖಾಲಿ ಹಾಳೆ ತೆಗೆದು ಹಳೆಯ ತಾರೀಖು ಹಾಕಿಯೇಬಿಟ್ಟೆ. ‘ನೋವು’ ಎಂದು ಬರೆದು ಪೆನ್ನು ನಿಂತಿತು. ಆ ಗುರುವಾರ ಅವರಿಗೆ ಆರಿತ್ತೋ, ಎಂಟಿತ್ತೋ? ನನಗೇನು ಗೊತ್ತು? ಮತ್ತೆ ನನ್ನ ಮನಸ್ಸಿಗೆ ಬಂದದ್ದನ್ನೇ ಬರೆಯಬೇಕು, ಈ ಸಲ ಪಾಪ ತೊಳೆದುಕೊಳ್ಳುವುದಕ್ಕೆ. ಮೂಲದ ಪ್ರತಿ ಮಂಡಳಿಯವರ ಹತ್ತಿರವಿದೆ, ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯೂ ಇತ್ತು. ಹಾಳೆ ಹರಿದೆ. ಗೋಡೆಯ ಗ್ರಾಫನ್ನೂ ಕಿತ್ತೆ.

ಮರುದಿನ ಬೆಳಿಗ್ಗೆ ಅವರ ಬಸ್ಸು ಹತ್ತಿದೆ. ನನ್ನನ್ನು ಕಂಡು ಗಾಬರಿಯಾಗಿ ತಮ್ಮ ಸೀಟು ಬಿಟ್ಟುಕೊಡಲು ಬಂದರು. ನಾನು ಹಿಂದೆ ಹೋಗಿ ಗಡಿಯಾರ ನೋಡುತ್ತ ಕುಳಿತೆ. ಆರನೆಯ ನಿಮಿಷಕ್ಕೆ ಅಕ್ಕನ ಪೂರ್ತಿ ಭಾರ ಎಡಗಾಲಿಗೆ ಹೋಯಿತು. ಮಹಾಗಾಂವ ಕ್ರಾಸಿನ ಹತ್ತಿರ ಬಸ್ಸು ಜಿಗಿದಾಗ ಕಂಬಿಗೆ ಹಣೆ ಒತ್ತಿ ಕಣ್ಣು ಮುಚ್ಚಿದರು. ಕಣ್ಣು ತೆರೆದವರೇ ‘ಟಿಕೆಟ್, ಟಿಕೆಟ್’ ಎಂದರು. ಎರಡೂ ಕಡೆ ತೊಗರಿ ಹೊಲ, ಹಾಡು ಹಾಕಿಕೊಂಡ ಕಾಲೇಜು ಹುಡುಗಿಯರು. ಕಮಲಾಪುರದಲ್ಲಿ ಎಲ್ಲರೂ ಇಳಿದ ಮೇಲೆ ಅವರು ಮೆಟ್ಟಿಲ ಕಡೆ ಬೆನ್ನು ತಿರುಗಿಸಿ, ಮಗು ಇಳಿದಂತೆ ಹಿಂದೆ ಹಿಂದೆ ಇಳಿದರು. ನಾನು ಅದನ್ನೂ ಬರೆದುಕೊಂಡೆ. ಬರೆಯುತ್ತ ಅತ್ತೆ.

ಮಂಡಳಿಗೆ ಪತ್ರ ಬರೆಯಲು ಮೂರು ಸಲ ಕೂತೆ. ಮೊದಲಿನ ಎರಡರಲ್ಲೂ ‘ದಾಖಲಾತಿಯಲ್ಲಿ ಲೋಪ ಉಂಟಾಗಿರುತ್ತದೆ’ ಎಂದಿತ್ತು, ಲೋಪ ತಾನಾಗಿಯೇ ನಡೆದುಕೊಂಡು ಬಂದ ಹಾಗೆ. ಮೂರನೆಯದರಲ್ಲಿ ‘ಮೊದಲ ಹಾಳೆ ಬಿಟ್ಟು ಉಳಿದ ಅಂಕಿಗಳನ್ನು ನಾನು ಪರೀಕ್ಷೆ ಮಾಡದೆ ಬರೆದಿದ್ದೇನೆ’ ಎಂದು ಬರೆದು, ಸ್ಕ್ಯಾನಿನ ವರದಿ, ಎಲುಬಿನ ಡಾಕ್ಟರ ಅಭಿಪ್ರಾಯ ಜೊತೆಗಿಟ್ಟು ಸಹಿ ಹಾಕಿದೆ. ನನಗೆ ಏನಾದರೂ ಆದೀತು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಆದದ್ದು ಅಕ್ಕನಿಗೆ. ಹಿಂದಿನ ದಾಖಲೆ ನಂಬಲು ಬಾರದ್ದರಿಂದ ಹೊಸದಾಗಿ ಆರು ತಿಂಗಳ ದಾಖಲೆ ಸಲ್ಲಿಸಿ ಮತ್ತೆ ಅರ್ಜಿ ಹಾಕತಕ್ಕದ್ದು ಎಂದು ಉತ್ತರ ಬಂತು. ಆ ಆರು ತಿಂಗಳೂ ಅವರು ಬಸ್ಸಿನ ಮೇಲೆಯೇ.

ಈಗ ಅದರಲ್ಲಿ ನಾಲ್ಕು ಕಳೆದಿವೆ. ಎಲುಬಿನ ಡಾಕ್ಟರು ಹೇಳಿದ ವ್ಯಾಯಾಮವನ್ನಷ್ಟೇ ಮಾಡಿಸುತ್ತೇನೆ. ಅಕ್ಕ ಮಹಡಿ ಹತ್ತುವ ಗುರುವಾರಗಳಂದು ನಾನೇ ಕೆಳಗಿಳಿದು ಹೋಗಿ ಕೈ ಹಿಡಿಯುತ್ತೇನೆ. ಗಡಿಯಾರ ಹಿಡಿದು ನಿಲ್ಲಿಸುತ್ತೇನೆ, ಕಾಲು ಎತ್ತಿ ಅಳೆಯುತ್ತೇನೆ, ಕೊನೆಗೆ ಅಂಕಿ ಕೇಳುತ್ತೇನೆ. ಅವರಿಗೆ ಹೇಳಲು ಇನ್ನೂ ಬಾಯಿ ಬರುವುದಿಲ್ಲ. ಮೊನ್ನೆಯೂ ಹಾಗೆಯೇ, ಸೆರಗು ಸರಿಮಾಡಿಕೊಂಡರು, ಕಿಟಕಿಯ ಕಡೆ ನೋಡಿದರು.

‘ಎಷ್ಟದ ಅಕ್ಕಾ, ಖರೇ ಹೇಳ್ರಿ.’

‘ಎಂಟು ರೀ,’ ಅಂದರು. ಆಮೇಲೆ ನನ್ನ ಮುಖ ನೋಡಿ, ಎರಡೂ ಕೈ ಜೋಡಿಸಿದರು. ‘ತಪ್ಪು ತಿಳಿಬ್ಯಾಡ್ರಿ ಬಾಯಿ.’

ನಾನು ಎಂಟು ಎಂದು ಬರೆದೆ.