ಹಮಾಲನಿಗಾಗಿ ನಿಂತ ಆಟೋಗಳು

ಬಸವಕಲ್ಯಾಣದ ಕೋಟೆ ನೋಡಿ, ಊಟ ಮುಗಿಸಿ, ನಾವು ಮೂವರು ಹುಮನಾಬಾದಿನ ಬಸ್ಸು ಹತ್ತಿದೆವು. ನನ್ನ ಜೊತೆಗಿದ್ದವರು ಬ್ರಿಟ್ಟಾ ಮತ್ತು ಅವಳ ಗಂಡ ಆಲನ್. ಬ್ರಿಟ್ಟಾ ಸ್ವೀಡನ್ನಿನವಳು, ನನ್ನ ಕಾಲೇಜು ದಿನಗಳ ಪತ್ರಮಿತ್ರೆ. ಆಲನ್ ಇಂಗ್ಲೆಂಡಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದರೆ, ಅವನು ಡ್ರೈವರನ ಕೈಯನ್ನೇ ನೋಡುತ್ತ ಕುಳಿತಿದ್ದ. ಹುಮನಾಬಾದ್ ತಲುಪಿದಾಗ ಬೆಂಗಳೂರಿನ ರೈಲಿಗೆ ಒಂದು ತಾಸಷ್ಟೇ ಉಳಿದಿತ್ತು. ಮರುದಿನ ಅವರಿಬ್ಬರ ವಿಮಾನ.

ಸ್ಟೇಷನ್ನು ಊರ ಹೊರಗೆ. ಬಸ್ ಸ್ಟ್ಯಾಂಡಿನ ಮುಂದೆ ಆಟೋಗಳೇನೋ ಸಾಲಾಗಿ ನಿಂತಿದ್ದವು. ಬರಲು ಯಾರೂ ಒಪ್ಪಲಿಲ್ಲ.

"ಇವತ್ತು ಬಂದ್ ಅದರಿ ಅಕ್ಕಾ," ಎಂದ ಮಾರುತಿ ಎಂಬ ಡ್ರೈವರ್. "ಮಾರ್ಕೆಟ್ ಯಾರ್ಡಿನಾಗ ಚೀಲ ಹೊರೋ ಮುಂದ ಒಬ್ಬ ಹಮಾಲನ ಕೈ ಮುರೀತು. ಅಂಗಡಿಯವ್ರು ಅಂವನ್ನ ಕೆಲಸದಿಂದ ತೆಗದ್ರು. ಹಮಾಲ್ರೆಲ್ಲ ಕೆಲಸ ಬಿಟ್ಟು ಕುಂತಾರ. ಅವರ ಸಲುವಾಗಿ ನಾವೂ ಗಾಡಿ ನಿಲ್ಲಿಸೀವಿ."

"ಆತ ನಿಮ್ಮ ಸಂಬಂಧಿಕನೇ?"

"ಇಲ್ರಿ. ಮಾರಿ ಸುದ್ದಾ ನೋಡಿಲ್ಲ."

ನಾನು ಇಂಗ್ಲಿಷಿನಲ್ಲಿ ವಿವರಿಸಿದಾಗ ಆಲನ್ ಹುಬ್ಬೇರಿಸಿದ. "ನಮ್ಮ ದೇಶದಲ್ಲಿ ಹೀಗೆ ಮಾಡುವಂತಿಲ್ಲ. ನಮ್ಮ ಮಾಲೀಕನ ಜೊತೆ ಜಗಳವಿದ್ದರೆ ಮಾತ್ರ ಮುಷ್ಕರ. ಇನ್ನೊಬ್ಬರ ಜಗಳಕ್ಕೆ ಕೆಲಸ ನಿಲ್ಲಿಸುವುದು ಕಾನೂನಿಗೆ ವಿರುದ್ಧ."

"ನಮ್ಮಲ್ಲಿ ನಿಲ್ಲಿಸಬಹುದು," ಎಂದಳು ಬ್ರಿಟ್ಟಾ. "ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರೆ ಬಂದರಿನವರು ಆ ಕಾರ್ಖಾನೆಯ ಸರಕು ಇಳಿಸುವುದಿಲ್ಲ. ಅದು ಮಾಮೂಲು."

ಇದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಡ್ರೈವರುಗಳು ಸುತ್ತ ನೆರೆದಿದ್ದರು. ಮಾರುತಿಗೆ ನಂಬಿಕೆಯೇ ಬರಲಿಲ್ಲ. "ಮತ್ತೊಬ್ಬರ ತ್ರಾಸಿಗೆ ನಿಂದ್ರಬ್ಯಾಡಂತ ಕಾಯ್ದಾ ಅದ ಏನ್ರಿ?"

ನಡುವಯಸ್ಸಿನ ರಶೀದ್ ನಕ್ಕ. "ಅದೂ ಛಲೋನೇ ಬಿಡ್ರಿ. ಎಲ್ಲಾರ ಸಲುವಾಗಿ ನಾವು ಗಾಡಿ ನಿಲ್ಲಿಸಿದ್ರ ಮನ್ಯಾಗ ಒಲಿ ಹ್ಯಾಂಗ ಹತ್ತಬೇಕು?" ಹಾಗೆಂದರೂ ಅವನ ಆಟೋ ಕೂಡ ಸಾಲಿನಲ್ಲೇ ಇತ್ತು.

ಹೊತ್ತು ಸರಿಯುತ್ತಿತ್ತು. ಕೋಟೆ ಹತ್ತಿಳಿದ ಮೇಲೆ ಆಲನ್ ಕುಂಟುತ್ತಿದ್ದುದನ್ನು ಮಾರುತಿ ಗಮನಿಸಿದ್ದ. "ಪೇಷಂಟಿದ್ರ ಒಯ್ತೀವ್ರಿ. ಸಾಹೇಬ್ರಿಗೆ ಆರಾಮಿಲ್ಲ ಅಂತ ಹೇಳ್ರಿ, ಯಾರೂ ಏನೂ ಅನ್ನಂಗಿಲ್ಲ."

ನನಗಂತೂ ಹಾಗೆ ಹೇಳಿಬಿಡುವ ಆಸೆಯಾಯಿತು. ಆಲನ್‌ಗೆ ತಿಳಿಸಿದೆ. ಅವನು ಬೇಡವೆಂದು ತಲೆಯಾಡಿಸಿದ. "ನರ್ಸುಗಳು ಮುಷ್ಕರ ಹೂಡಿದ್ದಾಗ ಅವರೆದುರು ದಿನವೂ ಬಸ್ಸು ಓಡಿಸಿಕೊಂಡು ಹೋಗಿದ್ದೇನೆ. ಅವರ ಬೆಂಬಲಕ್ಕೆ ಹಾರ್ನ್ ಒತ್ತುವುದಷ್ಟೇ ನನ್ನ ಕೈಯಲ್ಲಿತ್ತು. ಇವತ್ತು ನನ್ನನ್ನು ಯಾವ ಕಾನೂನೂ ತಡೆದಿಲ್ಲ. ನಡೆದೇ ಹೋಗೋಣ."

ಅದನ್ನು ಕನ್ನಡದಲ್ಲಿ ಹೇಳಿದೆ. ಮಾರುತಿ ದೊಡ್ಡ ಸೂಟ್‌ಕೇಸನ್ನು ಹೆಗಲಿಗೇರಿಸಿದ. ಇನ್ನೊಂದನ್ನು ರಶೀದ್ ಎತ್ತಿಕೊಂಡ. "ಬಂದ್ ಇರೋದು ಗಾಡಿರಿ ಅಕ್ಕಾ. ನಾವು ನಡ್ಯಾಕ ಅಡ್ಡಿಲ್ಲ," ಎಂದ.

ಇಳಿಬಿಸಿಲಲ್ಲಿ ಐವರೂ ನಡೆದೆವು. ಆಲನ್ ನಿಂತಲ್ಲೆಲ್ಲ ಎಲ್ಲರೂ ನಿಂತೆವು. ಸ್ವೀಡನ್ನಿನಲ್ಲಿ ಕೆಲಸ ನಿಲ್ಲಿಸಿದವರಿಗೆ ಊಟ ಯಾರು ಹಾಕುತ್ತಾರೆಂದು ರಶೀದ್ ಕೇಳಿದ. ಸಂಘದ ನಿಧಿಯಿಂದ ಕೊಡುತ್ತಾರೆ ಎಂದು ಬ್ರಿಟ್ಟಾ ಹೇಳಿದಳು. "ಹಂಗಿದ್ರ ನಾನೂ ತಕರಾರು ಮಾಡಂಗಿಲ್ಲ ಬಿಡ್ರಿ," ಎಂದ.

ನಾವು ಪ್ಲ್ಯಾಟ್‌ಫಾರ್ಮ್ ಮುಟ್ಟಿದ ಬೆನ್ನಿಗೇ ರೈಲು ಬಂತು. ಸೂಟ್‌ಕೇಸುಗಳನ್ನು ಒಳಗಿಟ್ಟು ಕೆಳಗಿಳಿದ ಮಾರುತಿಗೆ ಫೋನು ಬಂತು. ಅವನ ಮುಖ ಅರಳಿತು. "ಕೈ ನೆಟ್ಟಗಾದ ಮ್ಯಾಲ ಅಂವನ್ನ ಕೆಲಸಕ್ಕ ತಗೋತಾರಂತ್ರಿ!"

"ಆ ಹಮಾಲನ ಹೆಸರೇನು?" ಎಂದು ಬ್ರಿಟ್ಟಾ ಕಿಟಕಿಯಿಂದ ಕೇಳಿದಳು.

ಮಾರುತಿ, ರಶೀದ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ಕೇಳೇ ಇಲ್ಲಲ್ರಿ," ಎಂದ ಮಾರುತಿ. ರೈಲು ಚಲಿಸಿತು.