ಪದಾರ್ಥದ ಸೇಬು

ಮೊನ್ನೆ ಮೊಮ್ಮಗಳು ಪೇಟೆಯಿಂದ ಹಸಿರು ಸೇಬು ತಂದಳು. "ಇದು ತಿನ್ಲಿಕ್ಕೆ ಹುಳಿ ಅಜ್ಜಿ, ಬೇಯಿಸ್ಲಿಕ್ಕೆ ಒಳ್ಳೇದಂತೆ" ಎಂದು ಹೆಚ್ಚಿ, ಬೆಲ್ಲ ಹಾಕಿ ಒಲೆಯ ಮೇಲಿಟ್ಟಳು. ಆ ಪರಿಮಳ ಬಂದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಹೋದೆ. ಅರವತ್ತು ವರ್ಷಕ್ಕೂ ಹಿಂದಿನ ಪರಿಮಳ ಅದು... ನನ್ನ ಅತ್ತೆಯದ್ದು.

ಬಂಟ್ವಾಳ ಪೇಟೆಯಲ್ಲಿ ಬೆಳೆದ ನನ್ನನ್ನು ಶಿರ್ತಾಡಿಯ ಆ ಮನೆಗೆ ಕೊಟ್ಟಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹಣ್ಣಿನ ವಿಷಯದಲ್ಲಿ ಅತ್ತೆಯ ಮಾತಿಗೆ ಎದುರಿಲ್ಲ. ಮಾವಿನಹಣ್ಣನ್ನು ತೊಟ್ಟಿನ ಹತ್ತಿರ ಮೂಸಿ, ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, "ಇದು ತಿನ್ನುವ ಜಾತಿ", "ಇದು ಪದಾರ್ಥದ ಜಾತಿ" ಎಂದು ಎರಡು ಬುಟ್ಟಿಗೆ ಹಾಕುತ್ತಿದ್ದರು. ಅನ್ನಕ್ಕೆ ಕಲಸಿಕೊಳ್ಳುವುದಕ್ಕೆಲ್ಲ ನಮ್ಮ ಕಡೆ ಪದಾರ್ಥವೆಂದೇ ಹೆಸರು. ತಿನ್ನುವ ಜಾತಿಯ ಬುಟ್ಟಿ ನೇರ ಚಾವಡಿಗೆ ಹೋಗುತ್ತಿತ್ತು, ಮಾವನಿಗೆ ಮತ್ತು ಅವರ ನೆಂಟರಿಗೆ. ಹೆಂಗಸರಿಗೆ ಗೊರಟು ಸಿಕ್ಕಿದರೆ ಪುಣ್ಯ. ಪದಾರ್ಥ ಮಾತ್ರ ಎಲ್ಲರ ಎಲೆಗೂ ಬರುತ್ತಿತ್ತು.

ಮದುವೆಯಾದ ಮರುವರ್ಷ ನನಗೆ ವಿಷಮಶೀತ ಜ್ವರ. ಮೂರು ವಾರ ಬರೀ ಗಂಜಿತಿಳಿ ಕುಡಿದು ನಾಲಿಗೆ ಸತ್ತುಹೋಗಿತ್ತು. ಮೂಡಬಿದ್ರೆಯ ಡಾಕ್ಟರು ಸೇಬು ಕೊಡಿ ಎಂದರು. ನನ್ನ ಗಂಡ ಮಂಗಳೂರಿಗೆ ಹೋಗಿ ನಾಲ್ಕು ತಂದರು. ಆದರೆ ಪೇಟೆಯಿಂದ ಏನು ಬಂದರೂ ಮೊದಲು ಮಾವನ ಮುಂದಿಡಬೇಕು. ಇಟ್ಟರು. ಒಳಗಿನ ಕೋಣೆಯಲ್ಲಿ ಮಲಗಿದ್ದ ನನಗೆ ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಮಾವ ಒಂದನ್ನು ಎತ್ತಿಕೊಂಡು, "ಕತ್ತಿ ತಾ, ರುಚಿ ನೋಡುವ" ಎಂದರು. ಅತ್ತೆ ಅದನ್ನು ಅವರ ಕೈಯಿಂದ ತೆಗೆದು ತೊಟ್ಟು ಮೂಸಿದರು.

"ಇದು ತಿನ್ನುವ ಜಾತಿ ಅಲ್ಲ. ಪದಾರ್ಥದ್ದು."

ನಾಲ್ಕನ್ನೂ ಸೆರಗಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದರು. ಒಳಗೆ ಅತ್ತೆ ನನ್ನ ಹಿರಿಯ ಓರಗಿತ್ತಿಯ ಹತ್ತಿರ ಏನೋ ಪಿಸುಗುಟ್ಟುವುದು ಕೇಳಿಸಿತು. ಒಂದೇ ಒಂದು ಹಸಿ ಹೋಳಿಗಾಗಿ ನಾನು ಗೋಡೆಗೆ ಮುಖ ಮಾಡಿ ಕಣ್ಣೀರು ಹಾಕಿದೆ.

ಮಧ್ಯಾಹ್ನ ಸೇಬಿನ ಮೆಣಸ್ಕಾಯಿ, ಹಣ್ಣಿಗೆ ಬೆಲ್ಲ, ಮೆಣಸು ಹಾಕಿ ಮಾಡುವ ಪದಾರ್ಥ. ಹೆಸರಿಗೆ ಮೆಣಸ್ಕಾಯಿ, ಅದರಲ್ಲಿ ಮೆಣಸೇ ಇರಲಿಲ್ಲ, ಬರೀ ಬೆಲ್ಲ ಮತ್ತು ಉಪ್ಪು. ಮಾವ ಒಂದು ತುತ್ತು ಬಾಯಿಗಿಟ್ಟು, "ಎಂಥದ್ದು ಮಾರಾಯ್ತಿ, ಬಾಣಂತಿ ಊಟವಾ ಇದು?" ಎಂದು ಎಲೆಯ ಬದಿಗೆ ಸರಿಸಿದರು. ಗಂಡಸರು ಯಾರೂ ಮುಟ್ಟಲಿಲ್ಲ. ಪಾತ್ರೆ ಹಾಗೆಯೇ ಒಳಗೆ ಬಂತು. ಅಂದೂ ಮರುದಿನವೂ ಅತ್ತೆ ಅದನ್ನು ನನಗೇ ಬಡಿಸಿದರು. ಬೇರೆಯವರು ಬಿಟ್ಟದ್ದು ಸೊಸೆಗೆ ಎಂದು ನನ್ನ ಹೊಟ್ಟೆ ಉರಿಯಿತು. ತಿಂದೆ, ಅವರನ್ನು ಶಪಿಸುತ್ತ ತಿಂದೆ.

ಆ ಸಿಟ್ಟನ್ನು ವರ್ಷಗಟ್ಟಲೆ ಜೋಪಾನ ಮಾಡಿದೆ. ಅಷ್ಟರಲ್ಲಿ ಮಾವ ತೀರಿಕೊಂಡರು, ಓರಗಿತ್ತಿಯವರು ತೋಡಾರಿನಲ್ಲಿ ಬೇರೆ ಮನೆ ಮಾಡಿದರು, ಅಡುಗೆಮನೆ ನನ್ನ ಕೈಗೆ ಬಂತು. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ನಾನು ತಿನ್ನಲಿಕ್ಕೆಂದೇ ಹೆಸರಾದ ಮುಂಡಪ್ಪ ಮಾವು ಹೆಚ್ಚಲು ಕೂತಿದ್ದೆ. ಪರಿಮಳಕ್ಕೆ ಕಣ್ಣು ಬಿಟ್ಟು, "ಒಂದು ಹೋಳು ಕೊಡ್ತೀಯಾ ಮಗಾ?" ಎಂದರು.

ನಾನು ಹಣ್ಣನ್ನು ತೊಟ್ಟಿನ ಹತ್ತಿರ ಮೂಸಿದೆ. "ಇದು ತಿನ್ನುವ ಜಾತಿ ಅಲ್ಲ ಅತ್ತೆ. ಪದಾರ್ಥದ್ದು."

ಮುಂಡಪ್ಪ ಯಾವ ಜಾತಿಯೆಂದು ಅವರಿಗೆ ಹೇಳಿಕೊಡಬೇಕೆ... ನನ್ನ ಮುಖವನ್ನೇ ನೋಡಿದರು. "ಆಯ್ತು, ಹಾಗಾದ್ರೆ ಪದಾರ್ಥವೇ ಮಾಡು" ಎಂದು ಆಚೆ ಮಗ್ಗುಲಾದರು. ನಾನು ಅದನ್ನೂ ಮಾಡಲಿಲ್ಲ. ಆ ವಾರವೇ ಅವರು ಹೋದರು.

ಉತ್ತರಕ್ರಿಯೆಯ ದಿನ ಪಾತ್ರೆ ತೊಳೆಯುತ್ತ ಓರಗಿತ್ತಿ ಹೇಳಿದರು. "ನಿನ್ನ ಸೇಬಿಗೆ ಅತ್ತೆ ಮಾಡಿದ ಉಪಾಯ ನೆನಪುಂಟಾ? ತಿನ್ನುವ ಜಾತಿ ಅಂತ ಹೇಳಿದ್ರೆ ನಾಲ್ಕೂ ಚಾವಡಿಯಲ್ಲೇ ಮುಗೀತಿತ್ತು. ಮೆಣಸು ಹಾಕ್ಬೇಡ, ಗಂಡಸರು ಮುಟ್ಟುವುದಿಲ್ಲ, ಅವಳ ಹೊಟ್ಟೆಗೂ ಒಳ್ಳೇದು ಅಂತ ನನಗೆ ಹೇಳಿದ್ದು ಅವರೇ. ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಜ್ವರ ಬಂದ ಸೊಸೆಗೆ ಒಂದು ಹಣ್ಣು ತಿನ್ನಿಸಲು ಸುಳ್ಳು ಹೇಳಬೇಕಾದ ಆ ಮನೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಅವರ ಸುಳ್ಳು ನನಗೆ ಉಣಿಸಿತು. ನನ್ನ ಸುಳ್ಳು...

ಅಂದಿನಿಂದ ನಾನು ಮಾವು ತಿಂದಿಲ್ಲ. ಮೈಗೆ ಉಷ್ಣ ಎಂದು ಎಲ್ಲರನ್ನೂ ನಂಬಿಸಿದ್ದೇನೆ. ಮೊನ್ನೆ ಮೊಮ್ಮಗಳು ಬಟ್ಟಲು ಹಿಡಿದು ಹೊರಗೇ ಬಂದಳು. "ಮಾವು ನಿಮಗೆ ಆಗುವುದಿಲ್ಲ, ಇದಾದ್ರೂ ತಿನ್ನಿ ಅಜ್ಜಿ." ತಿಂದೆ. ಅದೇ ರುಚಿ. ಶಪಿಸಲು ಈಗ ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.