ತೂಕ ಹಾಕಿದ ಮೇಲೆ ಬಂದ ಬಿಸಿಬೇಳೆಬಾತ್

ಅಮೆರಿಕದ ಆಸ್ಟಿನ್‌ಗೆ ಬಂದ ಹೊಸತರಲ್ಲಿ ನನಗೆ ಪರಿಚಯವಾದ ಇಬ್ಬರು ಅಂಕಲ್‌ಗಳು, ತಾವು ಹುಟ್ಟುವುದಕ್ಕೂ ಎಷ್ಟೋ ಮೊದಲೇ ಮುಗಿದುಹೋದ ಒಂದು ಜಗಳವನ್ನು ಮೂವತ್ತು ವರ್ಷಗಳಿಂದ ಆಡುತ್ತಿದ್ದರು. ಒಬ್ಬರು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿದ್ದ ರಿಟೈರ್ಡ್ ಡಾಕ್ಟರ್, ಧಾರವಾಡದವರು. ಇನ್ನೊಬ್ಬರು ಹ್ಯೂಸ್ಟನ್ ಪಕ್ಕದ ಕೇಟಿಯ ಎಂಜಿನಿಯರ್, ಮೈಸೂರಿನವರು. ಇಬ್ಬರೂ ಊರಿನಲ್ಲಿದ್ದಾಗ ಕೆರೆ ಬಿಟ್ಟರೆ ಬೇರೆ ನೀರು ಕಂಡವರಲ್ಲ. ಇಲ್ಲಿ ಮಾತ್ರ ಬಿಳಿ ಟೋಪಿ ಹಾಕಿಕೊಂಡು ಹಾಯಿದೋಣಿಯಲ್ಲಿ ಕೂತರೆ ಇಳಿಯುವ ಮಾತೇ ಇಲ್ಲ.

ಜಗಳ ಇಷ್ಟೇ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಕಡೆಯ ಒಬ್ಬ ಲಾರ್ಡು ನ್ಯೂಯಾರ್ಕಿಗೆ ಬಂದು ಅಮೆರಿಕನ್ನರ ಎದುರು ಯಾಟ್ ರೇಸಿಗೆ, ಅಂದರೆ ಹಾಯಿದೋಣಿ ಪಂದ್ಯಕ್ಕೆ, ಇಳಿದು ಸೋತ. ದೋಣಿಗಳ ಅಳತೆ ಮುಗಿದ ಮೇಲೆ, ಗಾಳಿಗೆ ವಾಲದೆ ಓಡಲೆಂದು ಎದುರಾಳಿಗಳು ಗುಟ್ಟಾಗಿ ಭಾರ ತುಂಬಿದ್ದಾರೆ, ಅವರ ದೋಣಿ ನೀರಿನಲ್ಲಿ ಮೊದಲಿಗಿಂತ ಕೆಳಗೆ ಕೂತಿದೆ ಎಂದು ಆರೋಪ ಹೊರಿಸಿದ. ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ. ನ್ಯೂಯಾರ್ಕಿನ ಯಾಟ್ ಕ್ಲಬ್ಬಿನವರು ಸದಸ್ಯರ ಪಟ್ಟಿಯಿಂದ ಅವನ ಹೆಸರನ್ನೇ ಹೊಡೆದುಹಾಕಿದರು. ಡಾಕ್ಟರ್ ಅಂಕಲ್ ಲಾರ್ಡಿನ ಕಡೆ, ಎಂಜಿನಿಯರ್ ಅಂಕಲ್ ಅಮೆರಿಕದ ಕಡೆ. ಯುಗಾದಿಯಿರಲಿ, ಗಣೇಶನಿರಲಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಇದನ್ನೇ ಕಿತ್ತಾಡುತ್ತಿದ್ದರು. ಆ ಲಾರ್ಡಿನ ಸ್ವಂತ ಮೊಮ್ಮಕ್ಕಳಿಗೂ ಇಷ್ಟು ಸಂಕಟವಾಗಿರಲಿಕ್ಕಿಲ್ಲ.

ನನಗೆ ಇಬ್ಬರೂ ಇಷ್ಟ. ಎಂಜಿನಿಯರ್ ಅಂಕಲ್ ಸ್ವಲ್ಪ ಹೆಚ್ಚು ಇಷ್ಟ, ಏಕೆಂದರೆ ನನಗೆ ಹಾಯಿ ಕಟ್ಟಲು ಕಲಿಸಿದವರು ಅವರು. ಈಜು ಬಾರದವಳ ಕೈಗೆ ಚುಕ್ಕಾಣಿ ಕೊಟ್ಟ ಪುಣ್ಯಾತ್ಮ.

೨೦೧೫ರ ಸುಮಾರಿಗೆ, ಒಂದು ಪಿಕ್‌ನಿಕ್ಕಿನ ನೆಪದಲ್ಲಿ, ಇಬ್ಬರೂ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ರೇಸ್ ಇಟ್ಟುಕೊಂಡರು. ಬಾಡಿಗೆಗೆ ತಂದ ಒಂದೇ ಥರದ ಎರಡು ಪುಟ್ಟ ದೋಣಿ. ಒಂದರಲ್ಲಿ ಡಾಕ್ಟರ್ ಅಂಕಲ್ ಮತ್ತು ಅವರ ಅಳಿಯ, ಇನ್ನೊಂದರಲ್ಲಿ ಎಂಜಿನಿಯರ್ ಅಂಕಲ್ ಮತ್ತು ನಾನು. ಗೆದ್ದವರಿಗೆ ಕಪ್ಪಿನ ಬದಲು ಒಂದು ಹಿತ್ತಾಳೆ ಚೊಂಬು. ಗೆದ್ದರೂ ಚೊಂಬು, ಸೋತರೂ ಚೊಂಬು ಎಂದು ಎಲ್ಲರೂ ನಕ್ಕಿದ್ದಾಯಿತು.

ಡಾಕ್ಟರ್ ಅಂಕಲ್ ಬಾತ್‌ರೂಮಿನ ತೂಕದ ಯಂತ್ರ ತಂದಿದ್ದರು. ದಡದಲ್ಲಿ ಎಲ್ಲರ ಎದುರು ನಮ್ಮನ್ನು ಅದರ ಮೇಲೆ ಹತ್ತಿಸಿದರು. ನಮ್ಮ ಕಡೆ ಕಡಿಮೆ ಬಿದ್ದದ್ದಕ್ಕೆ ಎರಡು ನೀರಿನ ಕ್ಯಾನ್ ಇಟ್ಟು ಸಮ ಮಾಡಿದರು. ಇನ್ನು ಒಂದು ಚಪ್ಪಲಿಯೂ ಒಳಗೆ ಹೋಗಬಾರದೆಂದು ತೀರ್ಮಾನವಾಯಿತು.

ಎಂಜಿನಿಯರ್ ಅಂಕಲ್ ಹಾಯಿಯ ಹಗ್ಗ ಬಿಡಿಸುತ್ತಿದ್ದಾಗ ಆಂಟಿ, ಅಂದರೆ ಅವರ ಹೆಂಡತಿ, ನನ್ನನ್ನು ಪಕ್ಕಕ್ಕೆ ಕರೆದರು. ಐವತ್ತು ಜನಕ್ಕೆಂದು ಮಾಡಿ ತಂದ ಬಿಸಿಬೇಳೆಬಾತ್ ಆರದಿರಲೆಂದು, ತಂಪಿನಂತೆ ಬಿಸಿಯನ್ನೂ ಹಿಡಿದಿಡುವ ದೊಡ್ಡ ಕೂಲರ್ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು.

"ಇದನ್ನ ಒಳಗಿಡು, ಪುಟ್ಟಿ. ಅವ್ರಿಗೆ ಶುಗರ್ ಇದೆ, ಹಸಿವು ತಡೆಯಲ್ಲ."

"ಆಂಟಿ, ಮುಕ್ಕಾಲು ಗಂಟೆ ರೇಸು. ಒಂದು ಡಬ್ಬೀಲಿ ಹಾಕ್ಕೊಡಿ ಸಾಕು."

"ಡಬ್ಬೀಗೆ ಹಾಕಿದ್ರೆ ಆರೋಗತ್ತೆ. ಗಾಳಿ ಬಂದು ನೀವು ಎಲ್ಲೋ ಹೋಗ್ಬಿಟ್ರೆ?"

ಮೆಕ್ಸಿಕೋ ತನಕ ಆಗುವಷ್ಟು ಬಾತನ್ನು ನಾನು ಏದುಸಿರು ಬಿಡುತ್ತಾ ಎತ್ತಿ ಮುಂದಿನ ಸೀಟಿನ ಕೆಳಗೆ ತಳ್ಳಿ, ಮೇಲೆ ಟವೆಲ್ ಹೊದಿಸಿದೆ. ಇಲ್ಲಿ ಸಿಗುವ ಹತ್ತು ಕಿಲೋದ ಎರಡು ಸೋನಾ ಮಸೂರಿ ಚೀಲದಷ್ಟಾದರೂ ಇತ್ತು. ತಪ್ಪೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊಟವನ್ನು ತೂಕವೆಂದು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ನಮ್ಮಲ್ಲಿಲ್ಲ, ಅಷ್ಟೇ.

ಅವತ್ತು ಗಾಳಿ ಜೋರಿತ್ತು. ಡಾಕ್ಟರರ ದೋಣಿ ವಾಲಾಡುತ್ತಿದ್ದರೆ ನಮ್ಮದು ಗಟ್ಟಿಯಾಗಿ ಕೂತು ಓಡಿತು. ಗೆದ್ದೆವು. ದಡಕ್ಕೆ ಬಂದದ್ದೇ ಡಾಕ್ಟರ್ ಅಂಕಲ್ ಕೂಗಿದರು:

"ಏನಪಾ, ನಿನ್ನ ಬೋಟು ಎರಡು ಇಂಚು ಕೆಳಗ ಕೂತದಲ್ಲೋ! ಒಳಗ ಏನು ತುಂಬೀದಿ?"

ಎಂಜಿನಿಯರ್ ಅಂಕಲ್ ಮೊದಲು ನಕ್ಕರು. ಡಾಕ್ಟರ್ ನಗುತ್ತಿಲ್ಲವೆಂದು ಕಂಡಾಗ ಇವರ ಮುಖ ಕೆಂಪಾಯಿತು. "ನಮ್ಮಮ್ಮನಾಣೆ, ತೂಕ ಹಾಕಿದ್ಮೇಲೆ ಒಂದು ಹುಣಸೇಬೀಜಾನೂ ಒಳಗೆ ಹೋಗಿಲ್ಲ" ಎಂದರು.

ಹುಣಸೆಯ ಮಾತು ಕೇಳಿ ನಾನು ಸೀಟಿನ ಕೆಳಗಿದ್ದ ಟವೆಲ್ಲಿನತ್ತ ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಆಂಟಿ ನನ್ನ ಕೈ ಚಿವುಟಿದರು. "ಸುಮ್ನಿರು. ಆಣೆ ಇಟ್ಟಾಗಿದೆ. ಈಗ ಹೇಳಿದ್ರೆ ಅವ್ರು ಸುಳ್ಳ ಆಗ್ತಾರೆ."

ಇಬ್ಬರೂ ಹಿಂದಿನದ್ದೆಲ್ಲ ಎತ್ತಿ ಕೂಗಾಡುತ್ತಿದ್ದಾಗ ನಾನು ಅವರ ಕಣ್ಣಿಗೆ ಬೀಳದಂತೆ ಕೂಲರನ್ನು ದೋಣಿಯಿಂದ ಹೊತ್ತು ತಂದು ಊಟದ ಮೇಜಿನ ಮೇಲಿಟ್ಟೆ. ಡಾಕ್ಟರ್ ಅಂಕಲ್ ಸಿಟ್ಟಿನಲ್ಲೇ ಪುರಾವೆಯನ್ನು ಎರಡು ಸಲ ಬಡಿಸಿಕೊಂಡು ತಿಂದು, ಯಾರಿಗೂ ಹೇಳದೆ ಡಲ್ಲಾಸಿಗೆ ಹೊರಟುಹೋದರು.

ಹತ್ತು ತಿಂಗಳು ಮಾತಿಲ್ಲ. "ಎಲ್ಲರೆದುರು ನನ್ನನ್ನ ಹಗುರ ಮಾಡ್ಬಿಟ್ಟ" ಎಂದು ಎಂಜಿನಿಯರ್ ಅಂಕಲ್ ಪ್ರತಿ ಶನಿವಾರ ದೋಣಿಯಲ್ಲಿ ಹೇಳುವರು. ನಾನು ಪಕ್ಕದಲ್ಲಿ ಕೂತು ಹಗ್ಗ ಎಳೆಯುವೆ. ಆಮೇಲೆ ಶನಿವಾರಗಳೂ ನಿಂತವು. ದೋಣಿ ಅಂದರೆ ಬೇಜಾರು ಅಂದರು. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮುಂದಿನ ಯುಗಾದಿ ಆಸ್ಟಿನ್‌ನಲ್ಲಿ. ಊಟದ ಸಾಲಿನ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು. ನಡುವೆ, ಯಾರ ಕರ್ಮವೋ, ಬಿಸಿಬೇಳೆಬಾತ್. ನನಗೆ ತಡೆಯಲಾಗಲಿಲ್ಲ. ಇಬ್ಬರನ್ನೂ ಕರೆದು, ಆಂಟಿಯ ಹೆಸರೆತ್ತದೆ, ನಾನೇ ಇಟ್ಟದ್ದು ಎಂದು ಹೇಳಿಬಿಟ್ಟೆ.

ಡಾಕ್ಟರ್ ಅಂಕಲ್ ತಟ್ಟೆ ಬೀಳುವಷ್ಟು ನಕ್ಕರು. "ನಾ ತಿಂದದ್ದು ಅದನ್ನಽ ಏನವಾ? ಭಾಳ ಛಲೋ ಇತ್ತು!" ಎಂದು ಗೆಳೆಯನ ಬೆನ್ನಿಗೆ ಗುದ್ದಿದರು.

ಎಂಜಿನಿಯರ್ ಅಂಕಲ್ ನಗಲಿಲ್ಲ. "ಹತ್ತು ತಿಂಗಳು ಇವನನ್ನ ಸುಳ್ಳುಗಾರ ಅಂದ್ಕೊಂಡಿದ್ದೆ. ನೀನು ನನ್ನ ಪಕ್ಕದಲ್ಲೇ ಕೂತಿದ್ಯಲ್ಲಮ್ಮ" ಎಂದರು. ಮಾರನೆಯ ವಾರ ತಾವೇ ನಾಲ್ಕು ಗಂಟೆ ಡ್ರೈವ್ ಮಾಡಿ ಕಾಪೆಲ್‌ಗೆ ಹೋಗಿ ಚೊಂಬು ಒಪ್ಪಿಸಿ ಬಂದರು. ಇಬ್ಬರೂ ಮತ್ತೆ ಲಾರ್ಡನ್ನು ಹಿಡಿದುಕೊಂಡು ಕಿತ್ತಾಡತೊಡಗಿದರು. ನನಗೆ ಜೀವ ಬಂದಂತಾಯಿತು.

ಬೇಸಿಗೆಯಲ್ಲಿ ಇನ್ನೊಂದು ರೇಸ್ ಆಯಿತು. ಅಂಕಲ್ ನನ್ನನ್ನೇ ಕರೆದರು. ತೂಕ ಹಾಕಿಸಿಕೊಂಡು ದೋಣಿ ಹತ್ತಲು ಕಾಲೆತ್ತಿದಾಗ ಕೈ ಅಡ್ಡ ಹಿಡಿದು, "ಬ್ಯಾಗ್ ಸ್ವಲ್ಪ ತೆಗಿ ಪುಟ್ಟಿ" ಎಂದರು. ಟವೆಲ್ಲು, ಸನ್‌ಸ್ಕ್ರೀನು, ಒಂದು ಬಾಳೆಹಣ್ಣು. ಬಾಳೆಹಣ್ಣನ್ನು ತೆಗೆದು ದಡದಲ್ಲಿಟ್ಟರು. ನಗುತ್ತಲೇ ಬ್ಯಾಗನ್ನು ತಡಕಿ ನೋಡಿದರು. ಆದರೆ ನೋಡಿದರು.